ಪಂಪಿನ ಹೊಟ್ಟೆಯ ಗುಳ್ಳೆ

ಕಂಪ್ಯೂಟರೊಂದನ್ನು ತಂಪಾಗಿಡಲು ಅದರ ಕೊಳವೆಗಳಿಗೆ ಹೊಸದಾಗಿ ನೀರು ತುಂಬಿದ್ದರು. ಆ ನೀರನ್ನು ದೂಡಬೇಕಾದ ಪಂಪಿನ ಹೊಟ್ಟೆಯಲ್ಲಿ ಗಾಳಿಗುಳ್ಳೆಯೊಂದು ಸಿಕ್ಕಿಕೊಂಡಿತ್ತು. ಪಂಪು ಗರಗರ ಎನ್ನುತ್ತಿತ್ತೇ ಹೊರತು ನೀರು ಮುಂದಕ್ಕೆ ಹೋಗುತ್ತಿರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಪ್ರೊಸೆಸರ್ ಕೆಲಸ ಶುರುಮಾಡುವುದಿತ್ತು. ನೀರು ಬಾರದಿದ್ದರೆ ಅದು ಕಾದು ಕೆಂಡವಾಗುವುದು ಖಂಡಿತ.

“ಎಲೈ ಗುಳ್ಳೆಯೇ, ತೊಲಗು!” ಎಂದು ಪಂಪು ಗುಡುಗಿತು. ಗುಳ್ಳೆ ಕದಲಲಿಲ್ಲ. ಪಂಪು ಸಿಟ್ಟಿನಿಂದ ಇನ್ನೂ ಜೋರಾಗಿ ತಿರುಗಿತು. ಗುಳ್ಳೆ ಇನ್ನೂ ಒಳಕ್ಕೆ ಸರಿಯಿತು.

“ನಿನ್ನಂಥ ಹಟಮಾರಿಯನ್ನು ನಾನು ಕಂಡೇ ಇಲ್ಲ!”

“ಹಟವಲ್ಲ ಅಣ್ಣಾ,” ಎಂದ ಗುಳ್ಳೆಯ ದನಿ ನಡುಗುತ್ತಿತ್ತು. “ಮೇಲಕ್ಕೆ ಹೋಗುವುದೇ ನನ್ನ ಹುಟ್ಟುಗುಣ. ಆದರೆ ನೀವು ತಿರುಗಿದಷ್ಟೂ ನಿಮ್ಮ ಸುಳಿ ನನ್ನನ್ನು ನಡುವಿಗೇ ಎಳೆದುಕೊಳ್ಳುತ್ತದೆ. ಒಂದು ಗಳಿಗೆ ಸುಮ್ಮನಿದ್ದರೆ ನಾನೇ ಹೊರಟುಹೋಗುತ್ತೇನೆ.”

ನಿಲ್ಲುವುದೆಂದರೆ ಪಂಪಿಗೆ ಸೋತ ಹಾಗೆ. ಆದರೂ ಆ ದನಿ ಕೇಳಿ ನಿಂತಿತು. ಗುಳ್ಳೆ ಮೆಲ್ಲಗೆ ಮೇಲೇರಿ, ಪಂಪಿನ ಮೇಲಿದ್ದ ನೀರಿನ ತೊಟ್ಟಿಯ ತೆರೆದ ಬಾಯಿಂದ ಹೊರಬಿದ್ದಿತು. ಪಂಪು ಮತ್ತೆ ತಿರುಗಿದಾಗ ನೀರು ಸದ್ದಿಲ್ಲದೆ ಹರಿಯಿತು.

ಅಷ್ಟರಲ್ಲಿ ಕೊಳವೆಯಿಂದ ಇನ್ನೊಂದು ಪುಟ್ಟ ಗುಳ್ಳೆ ಬಂದು ಸಿಕ್ಕಿಕೊಂಡು, ಬೈಗುಳ ಬೀಳುತ್ತದೆಂದು ಹೆದರಿ ಮುದುಡಿತು. ಪಂಪು ಬೈಯಲಿಲ್ಲ. ತಿರುಗುವುದನ್ನು ನಿಲ್ಲಿಸಿ, “ದಾರಿ ಮೇಲಿದೆ ಮಗು, ನಿಧಾನಕ್ಕೆ ಹೋಗು” ಎಂದಿತು.