ತಲೆಕೆಳಗಾದ ತ್ರಿಕೋನ

ಅಂಗನವಾಡಿಯಲ್ಲಿ ಪುಟ್ಟ ತಂಗೆವ್ವ ಸ್ಲೇಟಿನ ಮೇಲೆ ತ್ರಿಕೋನವೊಂದನ್ನು ಬರೆದಳು. ಅದು ತುದಿ ಕೆಳಗಾಗಿ ನಿಂತಿತು. ಗೋಡೆಯ ಮೊಳೆಗೆ ದಾರ ಕಟ್ಟಿ ತೂಗುಹಾಕಿದ್ದ ರಟ್ಟಿನ ತ್ರಿಕೋನ ಸಿಡುಕಿತು: "ತಲೆಕೆಳಗಾದವನು ತ್ರಿಕೋನವೇ ಅಲ್ಲ. ಟೀಚರು ನೋಡುವ ಮೊದಲು ಅಳಿಸಿಕೊಂಡು ಹೋಗು."

ಸ್ಲೇಟಿನ ತ್ರಿಕೋನ ಜಗ್ಗಲಿಲ್ಲ. "ನನ್ನ ಬಾಹುಗಳನ್ನು ಎಣಿಸು. ಮೂರಕ್ಕೆ ಒಂದು ಕಡಿಮೆಯಿದ್ದರೂ ನಾನೇ ಅಳಿಸಿಹೋಗುತ್ತೇನೆ."

"ಎಣಿಸುವುದೇನು ಬಂತು? ಇಷ್ಟು ವರ್ಷ ಮಕ್ಕಳು ನನ್ನನ್ನು ನೋಡಿಯೇ ಕಲಿತರು. ನನ್ನ ಹಾಗೆ ನಿಂತರೆ ಮಾತ್ರ ತ್ರಿಕೋನ!"

ಅಷ್ಟರಲ್ಲಿ ಹಳೆಯ ದಾರ ಹರಿಯಿತು. ರಟ್ಟಿನ ತ್ರಿಕೋನ ಕಸದ ಬುಟ್ಟಿಯೊಳಗೆ ತಲೆಕೆಳಗಾಗಿ ಬಿತ್ತು. ಟೀಚರು ಬುಟ್ಟಿ ಎತ್ತಿಕೊಂಡರು.

"ಚೆಲ್ಲಬೇಡಿ! ನಾನು ತ್ರಿಕೋನವೇ! ಮೂರು ಬಾಹುಗಳಿವೆ, ಎಣಿಸಿ ನೋಡಿ!" ಎಂದು ಅದು ಕೂಗಿಕೊಂಡಿತು.

ಆಗಲೂ ತುದಿಯ ಮೇಲೇ ನಿಂತಿದ್ದ ಸ್ಲೇಟಿನ ತ್ರಿಕೋನ ಕೇಳಿತು: "ಎಣಿಸುವುದು ಈಗ ನೆನಪಾಯಿತೇ, ಅಣ್ಣಾ?"