ಬಾಣಂತಿ ಕೇಳಿದ ನೀರು

"ಯಜ್ಜಾ, ಒಂದು ಕೂಸು ಹಡೀಲಾರದ ಸತ್ತಾಕಿಗೆ ರಕ್ಷಣೆ ಐತೋ ಇಲ್ಲೋ?"

ಸಿಲಾಸ ಕೇಳಿದ್ದು ಇಷ್ಟ.

ಯೋಬಪ್ಪ ತೆಲಿ ಎತ್ತಲಿಲ್ಲ. ಚರ್ಚಿನ ಹಿಂದ ಬೇವಿನ ಗಿಡದ ನೆಳ್ಳಾಗ ಕುಂತು ಪುಂಡಿನಾರಿನ ಹಗ್ಗಾ ಹೊಸೀತಿದ್ದ. ಸತ್ತವರ ಪೆಟಿಗಿ ಕುಣ್ಯಾಗ ಇಳಸಾಕ ಆ ಊರ ಸಭೆಯವರಿಗೆ ಹೊಸಾ ಹಗ್ಗಾನ ಆಗಬೇಕು. ಯೋಬಪ್ಪ ಉಪದೇಶಿ ಕೆಲಸಾ ಬಿಟ್ಟು ಭಾಳ ವರ್ಷ ಆಗಿತ್ತು. ಪ್ರಾರ್ಥನಾ ಮಾಡಸೋದು, ಬೋಧನಾ ಹೇಳೋದು, ಜಡ್ಡಾದವರ ಮನಿಗೆ ಹೋಗೋದು, ಎಲ್ಲಾ ಸಿಲಾಸಗ ಕಲಿಸಿಕೊಟ್ಟಿದ್ದ. ಹಗ್ಗಾ ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ತಾ ಹೊಸೆದ ಹಗ್ಗದಾಗ ಇಳದ ಒಂದು ಪೆಟಿಗೀನೂ ಡೊಂಕಾಗಿಲ್ಲ ಅಂತ ಅವನ ಜಂಬ. ಎರಡನೇ ಇಯತ್ತೆಕ್ಕ ಸಾಲಿ ಬಿಟ್ಟಾವ. ಆದ್ರ ಪೌಲನ ಪತ್ರಾ ತನ್ನಷ್ಟು ಅರದು ಕುಡದಾವ ಈ ಸೀಮ್ಯಾಗ ಇನ್ನೊಬ್ಬ ಇದ್ರ ಕರಕೊಂಡು ಬರ್ರಿ ಅಂತ ಎದಿ ತಟ್ಟಿ ಹೇಳತಿದ್ದ. ಇಷ್ಟು ದಿನಾ ಯಾರೂ ಕರಕೊಂಡು ಬಂದಿರಲಿಲ್ಲ.

"ಇದು ನಿನ್ನ ಮಾತಲ್ಲ," ಅಂದ ಯೋಬಪ್ಪ. "ಯಾರೋ ನಿನ್ನ ಬಾಯಾಗ ತುರುಕಿ ಕಳಿಸ್ಯಾರ. ಯಾರವ?"

"ಎಲಿಷಪ್ಪಾರು."

"ಹೂಂ. ಸಭೆ ಹಿರೇತನ ಮಾಡಾಕ ಹತ್ತಿದ ಮ್ಯಾಲೆ ಅವಗ ಬುದ್ಧಿ ತೆಲಿ ಮೀರಿ ಬೆಳದೈತಿ. ಏನಂದಾ?"

ಸಿಲಾಸ ಹೇಳಿದ. ಮುಂಜಾನೆ ಎಸ್ತೇರವ್ವನ ಜೀವಾ ಹೋಗಿತ್ತು. ಎಸ್ತೇರವ್ವ ಅವನ ಚಿಗವ್ವ. ಅವ ತೊಟ್ಟಲದಾಗ ಇದ್ದಾಗ ಹಡದವ್ವ ಜ್ವರದಾಗ ಹೋದಳು. ಚಿಗವ್ವಗ ಮಕ್ಕಳಿರಲಿಲ್ಲ. ಆಕಿ ಅವನನ್ನ ಎತ್ತಿ ತನ್ನ ಸೆರಗಿನಾಗ ಹಾಕ್ಕೊಂಡಳು, ಅಂದಿನಿಂದ ಇಂದಿನತನಕಾ ಇಳಿಸಿರಲಿಲ್ಲ. ಈಗ ಆಕಿ ಮಣ್ಣು ಸಂಜಿಗೆ. ಪಾದ್ರಿ ಅಯ್ಯನವರು ದೂರದ ಸಭೆಗೆ ಹೋಗ್ಯಾರ, ಮಣ್ಣಿನ ಬೋಧನಾ ಸಿಲಾಸನ ಹೇಳಬೇಕು. ಅವನ ಕೈಲೆ ಆಗೋ ಮೊದಲನೇ ಮಣ್ಣು ಅದು. ಆ ಊರಾಗ ಒಂದು ಪದ್ಧತಿ. ಹೆಣ್ಮಗಳ ಪೆಟಿಗಿ ಕುಣಿ ಬಾಯಿಗೆ ಬಂತಂದ್ರ ಬೋಧನಾ ಹೇಳಾವ "ಈ ತಾಯಿ ರಕ್ಷಣೆ ಹೊಂದಿ ಹೋಗ್ಯಾಳ" ಅನಬೇಕು, ಮಂದಿ "ಆಮೆನ್" ಅನಬೇಕು. ಅಲ್ಲೀತನಕಾ ಹಗ್ಗಾ ಬಿಡಂಗಿಲ್ಲ. ಎಲಿಷಪ್ಪ ಸಿಲಾಸನ ಮನಿ ಅಂಗಳದಾಗ ಹೆಣದ ಮುಂದ ನಿಂತು, ಆ ಒಂದು ಮಾತು ಬಿಡು ಅಂತ ಸಿಲಾಸಗ ಹೇಳಿದ್ದ. ಹೆಂಗಸು ಹಡಿಯೋದರಿಂದ ರಕ್ಷಣೆ ಹೊಂದ್ತಾಳ ಅಂತ ಪೌಲ ತಿಮೊಥೆಗ ಬರದಾನ, ಈಕಿ ಬಂಜಿ. ಹೆಂಗಸು ಸಭೆಯಾಗ ಸುಮ್ಮನಿರಬೇಕು ಅಂತನೂ ಬರದಾನ, ಈಕಿ ಒಮ್ಮೆ ಚರ್ಚಿನಾಗ ಎದ್ದು ನಿಂತು ಎಲ್ಲಾರಕಿಂತಾ ಮದ್ಲ ಪ್ರಾರ್ಥನಾ ಮಾಡ್ಯಾಳ. ಕುಣಿ ಮುಂದ ನಿಂತು ಸುಳ್ಳ ಹೇಳಿದ್ರ ಪಾಪಾ ನಿನಗ ಹತ್ತತೈತಿ ಅಂದಿದ್ದ.

"ಅವನ ಹೇಣತಿ ಆರು ಹಡದಾಳ," ಅಂದ ಯೋಬಪ್ಪ. "ಆಕಿಗೆ ಸ್ವರ್ಗದಾಗ ಆರು ಕುರ್ಚಿ ಹಾಕ್ಯಾರೇನು ಕೇಳಬೇಕಿತ್ತು. ನೀ ಏನಂದಿ?"

"ನಾ ಸುಮ್ಮನ ನಿಂತ್ನಿ."

"ಅಲ್ಲಿ ಯಾರ ಯಾರ ಇದ್ರು?"

"ಹೆಣ್ಮಕ್ಕಳೆಲ್ಲಾ ಇದ್ರು," ಅಂದ ಸಿಲಾಸ. ಅಷ್ಟಕ್ಕ ಬಿಟ್ಟ.

ಅವ ಬಿಟ್ಟದ್ದು ಒಂದಿತ್ತು. ಎಲಿಷಪ್ಪ ಆ ಮಾತು ಆಡುಮುಂದ ಸಿಲಾಸನ ಹೇಣತಿ ಲುದಿಯಾ ಹೆಣದ ಬಾಜೂಕ ಕುಂತು ಹಸೀ ಅರಬೀಲೆ ಎಸ್ತೇರವ್ವನ ಮಾರಿ ಒರಸತಿದ್ದಳು. ಅವರ ಮದುವಿ ಆಗಿ ವರ್ಷಗಟ್ಟಲೆ ಆಗಿತ್ತು. ತೊಟ್ಟಲಾ ಅಟ್ಟದ ಮ್ಯಾಲಿಂದ ಇಳದಿರಲಿಲ್ಲ. ಬಂಜಿ ಅನ್ನೋ ಮಾತು ಕೇಳಿ ಆಕಿ ಕೈ ನಿಂತು ಬಿಟ್ಟಿತು. ಆಮ್ಯಾಲೆ ಒಂದು ಸಲಾ ಗಂಡನ ಕಡೆ ನೋಡಿದಳು. ಸಿಲಾಸ ನೆಲಾ ನೋಡಿದ. ಆಕಿ ಎದ್ದು ಒಳಗ ಹೋದಾಕಿ ತಿರುಗಿ ಹೊರಗ ಬರಲಿಲ್ಲ.

ಯೋಬಪ್ಪ ನಾರಿಗೆ ನೀರು ಚಿಮುಕಿಸಿದ. ತೊಡಿ ಮ್ಯಾಲೆ ಇಟ್ಟು ಅಂಗೈಲೆ ತಿರುವಿದ.

"ಆ ಪತ್ರಾ ಯಾವೂರಿಗೆ ಹೋಗಿತ್ತು?"

"ತಿಮೊಥೆ ಎಫೆಸದಾಗ ಇದ್ದ. ಅಲ್ಲಿಗೆ."

"ಅಲ್ಲಿ ಏನ ನಡದಿತ್ತು?"

"ಸುಳ್ಳ ಬೋಧಕರು ಹೊಕ್ಕಿದ್ರು. ಮದುವಿ ಮಾಡಿಕೋಬ್ಯಾಡ್ರಿ ಅಂತ ಮಂದಿ ತೆಲಿ ಕೆಡಸ್ತಿದ್ರು. ಅದಕ್ಕ ಹೆಣ್ಮಕ್ಕಳು ಹಡಿಯಾಕ ಅಂಜಬಾರದು ಅಂತ ಪೌಲ ಧೈರ್ಯ ಹೇಳಿದ ಅಂತ ನೀವ ಕಲಿಸೀರಿ."

"ಮತ್ತ ಅದ ಪೌಲ ರೋಮಾಪುರಕ್ಕ ಬರಿಯುಮುಂದ ಫೊಯಿಬೆ ಅನ್ನೋ ಹೆಣ್ಮಗಳಿಗೆ ಏನಂದಾ?"

"ಸಭೆಯ ಸೇವಕಿ ಅಂದ. ಆಕಿನ್ನ ಮರ್ಯಾದಿಲೆ ಬರಮಾಡಿಕೋರಿ ಅಂದ."

"ಕಲಿಸೇನಿ, ಖರೆ. ಕಲತಿಯೇನು?"

ಸಿಲಾಸ ಕಾಲಾಗ ಬಿದ್ದಿದ್ದ ನಾರಿನ ಎಳಿ ಎತ್ತಿ ಬೆರಳಿಗೆ ಸುತ್ತಿಕೊಂಡ.

"ಕುಂದರು," ಅಂದ ಯೋಬಪ್ಪ. "ಹಗ್ಗದ ಆ ತುದಿ ಹಿಡಿ. ಗಟ್ಟ್ಯಾಗಿ ಹಿಡಿ, ಕೈಯಾಗ ಬಲಾ ಇಲ್ಲೇನು?" ಅಂತ ಬೈದು, ಕತಿ ಹೇಳಾಕತ್ತ.

ಒಂದೂರಾಗ ಒಬ್ಬ ರೈತ ಇದ್ದ. ಅವನ ಮನ್ಯಾಗ ಒಂದು ಕಟ್ಟಳಿ ಇತ್ತು. ಬಾಣಂತಿ ಆದಾಕಿ ಮಲಗಿದ ಹೊರಸು ಇಳಿಯೋತನಕಾ ನೀರು ಕುಡೀಬಾರದು. ತುಪ್ಪಾ ಉಣಬೇಕು, ಅಂಟಿನುಂಡಿ ತಿನಬೇಕು, ಭಾಳಾದ್ರ ಹಾಲಿಲೆ ತುಟಿ ತೊಯಿಸಿಕೋಬೇಕು. ನೀರು ಮಾತ್ರ ಇಲ್ಲ.

ಆ ಮಾತು ಹೇಳಿದಾಕಿ ರೈತನ ಅಜ್ಜಿ. ಗಟ್ಟಿ ಹೆಂಗಸು. ಆಕಿ ಮಾತಿನ ಮ್ಯಾಲೆ ನಡದ ಆ ಮನ್ಯಾಗ ಒಬ್ಬ ಬಾಣಂತೀನೂ ಸತ್ತಿಲ್ಲ ಅಂತ ಊರು ಹೊಗಳತಿತ್ತು. ಅಜ್ಜಿ ಸತ್ತು ಮಣ್ಣಾದಳು. ಮಾತು ಮಣ್ಣಾಗಲಿಲ್ಲ. ರೈತನ ಹೇಣತಿ ಚಳಿಗಾಲದಾಗ ಹಡದಳು, ಹೆಂಗೋ ತಡಕೊಂಡಳು. ನೋಡ್ರಿ ನಮ್ಮ ಹಿರೇರ ಮಾತು ಅಂತ ರೈತ ಮೀಸಿ ತಿರುವಿದ.

ಅವಗ ಒಬ್ಬನ ಮಗ. ಸೊಸಿ ಬಂದಳು. ರೈತಗ ಹೆಣ್ಣು ಮಕ್ಕಳಿರಲಿಲ್ಲ, ಅದಕ್ಕ ಆಕಿ ಮ್ಯಾಲೆ ಜೀವಾ ಇಟ್ಟಿದ್ದ. ಸಂತಿಗೆ ಹೋದ್ರ ಮಗನ ಕೆಲಸಾ ಮರೀತಿದ್ದ, ಸೊಸಿ ಬಳಿ ಮರೀತಿರಲಿಲ್ಲ.

ಆಕಿ ನಡುಬ್ಯಾಸಗಿಯಾಗ ಹಡದಳು. ಗಂಡು ಕೂಸು. ಹೊರಸಿನ ಕೆಳಗ ಕುಳ್ಳಿನ ಕೆಂಡಾ. ಕಿಡಕಿಗೆ ಗೋಣಿತಟ್ಟು. ಹೊರಗ ಕಲ್ಲು ಸಿಡಿಯೋ ಬಿಸಲು. ಆಕಿಗೆ ಜ್ವರಾ ಏರಿತು. ಮಾವನ ಮುಂದ ಎಂದೂ ದನಿ ಎತ್ತದಾಕಿ ಅವತ್ತು ಎತ್ತಿದಳು.

"ಮಾವಾರ, ಒಂದು ಗುಟುಕು ನೀರು."

ರೈತ ಕ್ವಾಣಿ ಬಾಗಲದಾಗ ಹೊಚ್ಚಲದ ಮ್ಯಾಲೆ ಕುಂತಿದ್ದ. ಅವನ ಹೇಣತಿ ತಂಬಿಗಿ ಮುಟ್ಟಿದಳು. "ಕೆಳಗಿಡು," ಅಂದ. "ನಮ್ಮ ಅಜ್ಜಿಕಿಂತಾ ಶಾಣ್ಯಾಕಿ ಆದೇನು ನೀ? ಸೊಸಿ ಜೀವಾ ತಗೀಬೇಕಂತ ಮಾಡೀಯೇನು?" ಹೇಣತಿ ತಂಬಿಗಿ ಕೆಳಗಿಟ್ಟಳು.

ಒಲಿ ಮೂಲ್ಯಾಗ ರೈತನ ಅವ್ವ ಇದ್ದಳು. ಹಣ್ಣು ಮುದುಕಿ. ಗ್ವಾಡಿ ಹಿಡಕೊಂಡು ಎದ್ದಳು. "ಯಪ್ಪಾ, ನಮ್ಮತ್ತಿ ಅವತ್ತು ಹಂಗ ಯಾಕ ಅಂದಳಂದ್ರ..." ಅಂತ ಬಾಯಿ ತಗದಳು.

"ಅವ್ವಾ, ಸುಮ್ಮನ ಕುಂದರು. ಹಿರೇರ ಮಾತಿನಾಗ ಹೆಂಗಸರು ಬಾಯಿ ಹಾಕೋದು ಈ ಮನ್ಯಾಗ ನಡಿಯಂಗಿಲ್ಲ."

ಆ ಮಾತು ಹೇಳಿದ ಹಿರೇಕೀನೂ ಹೆಂಗಸ ಅನ್ನೋದು ಅವಗ ಹೊಳೀಲಿಲ್ಲ. ಮುದುಕಿ ಕುಂತಳು. ಆ ಮನ್ಯಾಗ ಸುಮ್ಮನ ಕುಂದ್ರೋದು ಆಕಿಗೆ ರೂಢಿ ಆಗಿತ್ತು.

ಸೊಸಿ ಮತ್ತ ಕೇಳಿದಳು. ಮತ್ತ ಕೇಳಿದಳು. ಆಮ್ಯಾಲೆ ನಾಲಗಿ ಏಳಲಿಲ್ಲ. ಮೂಲ್ಯಾಗ ನೀರಿನ ಹರವಿ ಇತ್ತು. ಅದರ ಮೈಯಿಂದ ಹನಿ ಇಳಿಯೋದನ್ನ ನೋಡಕೋತ ಮಲಗಿದಳು. ರೈತ ಆಕಿ ಕಡೆ ಬೆನ್ನು ಮಾಡಿ ಕುಂತ, ಕಣ್ಣಾಗ ನೀರು ತಂದ, ಆದ್ರ ಹೊಚ್ಚಲಾ ಬಿಟ್ಟು ಏಳಲಿಲ್ಲ. ತಾ ಆಕಿ ಜೀವಾ ಕಾಯಾಕತ್ತೇನಿ ಅಂತ ಅವನ ನಂಬಿಕಿ. ಹೊತ್ತು ಮುಣಗೋಕಿಂತಾ ಮದ್ಲ ಸೊಸಿ ಹೋದಳು. ಕಣ್ಣು ಹರವಿ ಕಡೇನ ಇದ್ದವು.

ಮಣ್ಣು ಮಾಡಿ ಬಂದ ಮ್ಯಾಲೆ ರೈತ ಅವ್ವನ ಮುಂದ ಕುಂತ.

"ಅವ್ವಾ, ಅವತ್ತು ಏನೋ ಹೇಳಾಕ ಎದ್ದಿದ್ದೆಲ್ಲ. ಏನದು?"

ಮುದುಕಿ ಹೇಳಿದಳು. "ನಾ ನಿನ್ನ ಹಡದಾಗ ನಮ್ಮ ಬಾವ್ಯಾಗ ಎಮ್ಮಿ ಕರಾ ಬಿದ್ದು ಕೊಳತಿತ್ತು. ಆ ನೀರು ಕುಡದ ಮಂದಿ ವಾಂತಿಬ್ಯಾನಿಲೆ ಸಾಯತಿದ್ರು. ಅದಕ್ಕ ನಮ್ಮತ್ತಿ, ಈ ನೀರು ಮುಟ್ಟಬ್ಯಾಡ ಮಗಳ, ಹಾಲು ಕುಡದು ಜೀವಾ ಹಿಡಕೋ ಅಂದಳು. ನಾ ಉಳದ್ನಿ. ನೀ ಉಳದಿ."

"ಆಮ್ಯಾಲೆ?"

"ಆಮ್ಯಾಲೆ ಬಾವಿ ರಾಡಿ ತಗದು ಚೊಕ್ಕ ಮಾಡಿದ್ರು. ನಮ್ಮತ್ತಿ ತಾನ ಹೋಗಿ ಮೊದಲನೇ ಕೊಡಾ ಸೇದಿ ತಂದಳು. ನನ್ನ ತೆಲಿ ಹಿಡದು ತನ್ನ ಕೈಯಾರ ಕುಡಿಸಿದಳು. ಸಾಕಾಗೋತನಕಾ ಕುಡಿ ಅಂದಳು."

"ಅದನ್ನ ಯಾಕ ಯಾರೂ ಹೇಳಲಿಲ್ಲವ್ವಾ?"

"ಬ್ಯಾಡಂದದ್ದು ಮಂದಿಗೆ ನೆನಪು ಉಳೀತಪ್ಪಾ. ಕುಡಿಸಿದ್ದು ಉಳೀಲಿಲ್ಲ."

ರೈತ ಬಾವಿಗೆ ಹೋದ. ಒಂದು ಕೊಡಾ ಸೇದಿದ. ಹೊತ್ತುಕೊಂಡು ಹೋಗಿ ಸೊಸಿ ಕುಣಿ ಮ್ಯಾಲೆ ಸುರುವಿದ. ಮಣ್ಣು ಕುಡೀತು. ಮತ್ತ ಹೋದ, ಮತ್ತ ತಂದ. ಸಂಜಿತನಕಾ ಹಂಗ ಸುರುವಿದ. ಮಣ್ಣು ಕುಡಕೋತ ಹೋತು.

ಯೋಬಪ್ಪ ಅಲ್ಲಿಗೆ ನಿಲ್ಲಿಸಿದ. ಹಗ್ಗದ ತುದಿಗೆ ಗಂಟು ಹಾಕಿ, ಕಾಲಾಗ ಒತ್ತಿ ಎಳದು ನೋಡಿದ. ಚರ್ಚಿನ ಆಚೆ ಕುಣಿ ಅಗಿಯೋ ಸನಿಕಿ ಸಪ್ಪಳಾ ಕೇಳತಿತ್ತು.

"ಹಂಗಾದ್ರ ಆ ಮಾತು ತಪ್ಪೇನು ಯಜ್ಜಾ? ಪೌಲ ಬರದದ್ದು ತಪ್ಪೇನು?"

"ಆ ಅಜ್ಜಿ ಮಾತು ತಪ್ಪಂತ ನಾ ಯಾವಾಗ ಅಂದ್ನಿ? ಆ ಮಾತು ಒಬ್ಬಾಕಿನ್ನ ಉಳಿಸೇತಿ. ಯಾಕ ಅಂದಳು ಅಂತ ಕೇಳಲಾರದ ಆ ಮಾತು ಹಿಡಕೊಂಡು ಹೊಚ್ಚಲಾ ಕಾಯ್ದನಲ್ಲ, ಅವನ ಕತಿ ನಾ ಹೇಳಿದ್ದು."

ಹಗ್ಗಾ ಸುತ್ತಿ ಸಿಲಾಸನ ತೊಡಿ ಮ್ಯಾಲೆ ಇಟ್ಟ. ಹೊಸಾ ನಾರಿನ ಹಸೀ ವಾಸನಿ ಬಂತು. ಸಿಲಾಸ ಅದನ್ನ ಎರಡೂ ಕೈಲೆ ಹಿಡಕೊಂಡ. ಚಿಗವ್ವನ ಭಾರಾ ಆಗಲೇ ಕೈಗೆ ಬಂದಂಗಾತು. ಅವ ಅಳಾಕತ್ತ.

"ಅಷ್ಟ ಸಾಲದು ಯಜ್ಜಾ. ಸಂಜಿಗೆ ಎಲಿಷಪ್ಪಾರು ನನ್ನ ಎದುರಿಗೇ ನಿಂತಿರತಾರ. ನಮ್ಮ ಚಿಗವ್ವಗ ರಕ್ಷಣೆ ಐತಿ ಅಂತ ನಿಮ್ಮ ಬಾಯೀಲೆ ಒಂದು ಮಾತು ಹೇಳ್ರಿ."

ಯೋಬಪ್ಪ ಮೊಣಕಾಲು ಹಿಡಕೊಂಡು ಎದ್ದ. ಧೋತರಕ್ಕ ಹತ್ತಿದ ನಾರು ಜಾಡಿಸಿದ. ಒಂದು ಗಳಿಗಿ ಸಿಲಾಸನ ಮನಿ ಕಡೆ ನೋಡಿದ. ಅಂಗಳದಾಗ ಹೆಣ್ಮಕ್ಕಳ ನಡುವ ಲುದಿಯಾ ಕಾಣಲಿಲ್ಲ.

"ಎಸ್ತೇರವ್ವ ಹೊಳಿ ದಾಟಿ ಹೋಗ್ಯಾಳ ತಮ್ಮಾ, ಆಕಿಗೆ ಇನ್ನ ನೀರಡಿಕಿ ಇಲ್ಲ, ಒಳಗ ಹೋದ ನಿನ್ನ ಹೇಣತಿ ಇನ್ನೂ ಹೊರಗ ಬಂದಿಲ್ಲ, ಆಕಿಗೆ ಕುಡಿಸೋ ತಂಬಿಗಿ ನಿನ್ನ ಕೈಯಾಗ ಐತಿ."