ಕಟ್ಟೆ ಇಲ್ಲದ ಹಲಗೆ

"ಅಜ್ಜಾರೇ, ಆಟದಿಂದ ಏಳುವ ದಾರಿಯನ್ನು ಮುಚ್ಚಿಬಿಡಲೇ?" ಎಂದು ಕೇಳಿದ ಶಿಷ್ಯ ತಿಪ್ಪೇಶ.

ಫೋನಿನಲ್ಲಿ ಆಡುವ ಆಟಗಳನ್ನು ಕಟ್ಟುವುದು ಅವನ ಕಸುಬು. ಈ ಸಲದ್ದು ಚೌಕಗಳ ಆಟ. ಮುಟ್ಟಿದ ಚೌಕದಲ್ಲಿ ರತ್ನವಿರಬಹುದು, ಮುಳ್ಳಿರಬಹುದು, ಯಾರಿಗೂ ಊಹೆಗೆ ಸಿಗುವುದಿಲ್ಲ. ನಡುವೆ ಏಳಬೇಕೆನ್ನುವವರಿಗೆ ಒಂದು ಗುಂಡಿ ಇಟ್ಟಿದ್ದ. ಅದನ್ನು ತೆಗೆದರೆ ಆಟ ಇನ್ನೂ ರುಚಿಯಾಗುತ್ತದೆ ಎಂದು ಅವನಿಗೆ ಅನಿಸತೊಡಗಿತ್ತು.

ಗುರುಗಳ ಪಕ್ಕದಲ್ಲಿ ಒಂದು ಹಳೆಯ ಮರದ ಹಲಗೆ ಇತ್ತು. ದಿನಾ ಬೆಳಿಗ್ಗೆ ಅವರು ಅದಕ್ಕೆ ಕೈ ಮುಗಿಯುವುದನ್ನು ತಿಪ್ಪೇಶ ನೋಡಿದ್ದ, ಯಾಕೆಂದು ಕೇಳಿರಲಿಲ್ಲ. ಅದರ ಮೇಲೆ ಕೈಯಿಟ್ಟುಕೊಂಡೇ ಗುರುಗಳು ಕತೆ ಶುರುಮಾಡಿದರು.

ಒಬ್ಬ ಬಡಗಿ ಇದ್ದ, ತಮ್ಮಾ. ಚೌಕಾಬಾರದ ಹಲಗೆ ಕೆತ್ತುವುದರಲ್ಲಿ ಅವನದು ಎತ್ತಿದ ಕೈ. ಚೌಕಾಬಾರದಲ್ಲಿ ಕಟ್ಟೆ ಇರುತ್ತದಲ್ಲ, ಅಡ್ಡಗೀರು ಹಾಕಿದ ಮನೆ? ಅಲ್ಲಿ ನಿಂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಬಡಗಿಯ ಊರಲ್ಲಿ ಇನ್ನೂ ಒಂದು ಪದ್ಧತಿ ಇತ್ತು. ಮನೆಯಿಂದ ಕರೆ ಬಂದರೆ ಹಲಗೆಯ ನಡುಮನೆಯ ಕಟ್ಟೆ ಮುಟ್ಟಿ ಎದ್ದು ಹೋಗಬಹುದು. ಎದ್ದವರನ್ನು ಸೋತರು ಅನ್ನುವ ಹಾಗಿಲ್ಲ. ಮತ್ತೆ ಬಂದಾಗ ನಿಂತಲ್ಲಿಂದಲೇ ಆಟ. ಅದಕ್ಕೇ ಆ ಊರಿನ ಬಡಗಿಗಳು ಬೇರೆ ಗೀಟು ಎಳೆಯುವ ಮೊದಲೇ ಕಟ್ಟೆ ಕೆತ್ತುತ್ತಿದ್ದರು. ಇವನಿಗೆ ಉಳಿ ಹಿಡಿಯಲು ಕಲಿಸಿದ ಮುದುಕ ಕಲಿಸಿದ್ದೂ ಅದನ್ನೇ ಮೊದಲು.

ಒಂದು ದಿನ ಪೇಟೆಯಲ್ಲಿ ಪಾನಕ, ಮಂಡಕ್ಕಿ ಮಾರುವ ವ್ಯಾಪಾರಿ ಬಂದ. "ಹೊಸ ಆಟದ ಹಲಗೆ ಮಾಡಿಕೊಡು ಮಾರಾಯ. ಕೂತವರು ಏಳಬಾರದು. ಕೂತರೆ ತಾನೇ ತಿನ್ನೋದು?" ಎಂದ.

ಬಡಗಿಗೆ ಹುಮ್ಮಸ್ಸು ಬಂತು. ಹಲಗೆಯ ತುಂಬ ಕುಳಿ ತೋಡಿ ಒಂದೊಂದಕ್ಕೂ ಮುಚ್ಚಳ ಮಾಡಿದ. ಕೆಲವು ಮುಚ್ಚಳದ ಕೆಳಗೆ ಕವಡೆ, ಕೆಲವದರ ಕೆಳಗೆ ಹುಣಸೆ ಬೀಜ. ಕವಡೆ ಸಿಕ್ಕರೆ ತೆಗೆದವರದು. ಬೀಜ ಸಿಕ್ಕರೆ ಗೆದ್ದಿದ್ದ ಕವಡೆಯೆಲ್ಲ ಎದುರಾಳಿಗೆ.

ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳನ್ನು ಕೂರಿಸಿಕೊಂಡು ಆಡಿ ನೋಡಿದ. "ಅಪ್ಪಾ, ನೀನು ಮೂಲೆಗೆ ಬೀಜ ಇಡೋದೇ ಇಲ್ಲ!" ಎಂದು ಅವಳು ಹಿಡಿದುಬಿಟ್ಟಳು. ಕೈಗೆ ತನ್ನದೇ ಚಾಳಿ ಇರುತ್ತದೆ ನೋಡು. ಆಮೇಲೆ ಎಲ್ಲವನ್ನೂ ಚೀಲಕ್ಕೆ ಹಾಕಿ ಕುಲುಕಿ, ಕಣ್ಣು ಮುಚ್ಚಿ ತೆಗೆದು ತುಂಬಿದ. ಈಗ ಯಾರಿಗೂ ಊಹಿಸಲಾಗಲಿಲ್ಲ. ಆದರೆ ಮಗಳಿಗೆ ಆಕಳಿಕೆ ಬಂತು. ಏನು ತೆಗೆದರೂ ಒಂದೇ ಎಂದಾದರೆ ಯಾರು ಆಡುತ್ತಾರೆ?

ಅಷ್ಟರಲ್ಲಿ ಅವಳಿಗೆ ಬೀಜ ಸಿಕ್ಕಿತು. ಸಿಟ್ಟಿಗೆ ಪಕ್ಕದ ಮುಚ್ಚಳವನ್ನೂ ಕಿತ್ತಳು. ಅಲ್ಲಿ ಕವಡೆ! "ಅಯ್ಯೋ, ಪಕ್ಕದಲ್ಲೇ ಇತ್ತಲ್ಲ! ಇನ್ನೊಂದು ಸಲ, ಅಪ್ಪಾ!"

ಬಡಗಿಗೆ ಬೇಕಾದದ್ದು ಸಿಕ್ಕಿತು. ಸೋತವರಿಗೆ ಪಕ್ಕದ ಮುಚ್ಚಳ ತೆಗೆದು ತೋರಿಸಬೇಕು ಎಂಬ ನಿಯಮ ಮಾಡಿದ. ಮಗಳು ಊಟಕ್ಕೂ ಏಳಲಿಲ್ಲ. ಅವನು ಹಿಗ್ಗಿಹೋದ.

ವ್ಯಾಪಾರಿಗೂ ಹಲಗೆ ಹಿಡಿಸಿತು. ಒಂದೇ ತಕರಾರು. ನಡುವೆ ಮುಚ್ಚಳವಿಲ್ಲದ ಮನೆಯಲ್ಲಿ ಕಟ್ಟೆಯ ಗೀರು ಇತ್ತು. ರೂಢಿಯ ಕೈ, ತಾನಾಗಿ ಕೆತ್ತಿಬಿಟ್ಟಿತ್ತು. ಇದನ್ನು ಮುಚ್ಚು ಎಂದ ವ್ಯಾಪಾರಿ. ಬಡಗಿ ಅರಗು ಕಾಯಿಸಿ ಗೀರಿಗೆ ತುಂಬಿ ನುಣ್ಣಗೆ ಮಾಡಿಕೊಟ್ಟ. ಅವತ್ತು ಅವನಿಗೆ ಏನೂ ಅನಿಸಲಿಲ್ಲ.

ಅಂಗಡಿಯಲ್ಲಿ ಹಲಗೆಯ ಸುತ್ತ ಜನ ಮುಕುರಿದರು. ಹಾಗಿರುವಾಗ ಒಂದು ಮಧ್ಯಾಹ್ನ ಮಗಳಿಗೆ ನೋವು ಕಾಣಿಸಿತು. ಊರಿಗೆಲ್ಲ ಒಬ್ಬಳೇ ಸೂಲಗಿತ್ತಿ, ಒಬ್ಬ ಮುದುಕಿ. ಬಡಗಿ ಅವಳ ಮನೆಗೆ ಓಡಿದ, ಬೀಗ. ಅಂಗಡಿಯಲ್ಲಿದ್ದಾಳೆ ಎಂದರು ನೆರೆಯವರು. ಎದ್ದುಬಿದ್ದು ಓಡಿದ. ಹಲಗೆಯ ಮುಂದೆ ಕೂತಿದ್ದಳು, ಮಡಿಲ ತುಂಬ ಕವಡೆ.

"ಅವ್ವಾ, ಏಳು! ಮಗಳು ಕೂಗಿಕೊಳ್ಳುತ್ತಿದ್ದಾಳೆ."

"ಬಂದೆ ಕಣಪ್ಪಾ, ಇದೊಂದು ಮುಚ್ಚಳ," ಎಂದಳು ತಲೆ ಎತ್ತದೆ.

ತೆಗೆದಳು. ಬೀಜ. ಮಡಿಲು ಬರಿದಾಯಿತು. ಪಕ್ಕದ್ದನ್ನು ತೆಗೆದು ತೋರಿಸಿದರು. "ಅಯ್ಯೋ, ಪಕ್ಕದಲ್ಲೇ ಇತ್ತಲ್ಲ! ಸೋತು ಹೆಂಗಪ್ಪಾ ಏಳಲಿ? ಇನ್ನೊಂದು ಸಲ."

ಮಗಳ ಮಾತೇ! ಆ ಮಾತಿಗೇ ಅಲ್ಲವೇ ಅವನು ಹಿಗ್ಗಿದ್ದು? ಮಾಡಿದ್ದುಣ್ಣೋ ಮಹರಾಯ ಎಂದು ಪರರಿಗೆ ಹೇಳುವುದು ಸುಲಭ, ತಮ್ಮಾ. ಅವನು ಮುದುಕಿಯ ಕೈ ಹಿಡಿದು ಎಳೆದ, ಅವಳು ಕೊಸರಿಕೊಂಡಳು. ಆಗ ಸೊಂಟದ ಉಳಿ ತೆಗೆದವನೇ ಹಲಗೆಯ ಮೇಲೆ ಬಗ್ಗಿ ಅರಗನ್ನು ಕೆರೆದ. ವ್ಯಾಪಾರಿ ಹಾಂ ಹಾಂ ಎನ್ನುವಷ್ಟರಲ್ಲಿ ಅಡ್ಡಗೀರು ಎದ್ದು ಕಂಡಿತು. ಅವಳ ಬೆರಳನ್ನು ಅದರ ಮೇಲಿಟ್ಟ.

"ಕಟ್ಟೆ ಮುಟ್ಟಿದ್ದೀಯ, ಅವ್ವಾ. ಸೋಲಿಲ್ಲ. ಏಳು."

ಚಿಕ್ಕಂದಿನಿಂದ ಕಟ್ಟೆ ಮುಟ್ಟಿ ಎದ್ದ ಬೆರಳು ಅದು. ಮುದುಕಿ ಗೀರನ್ನು ನೋಡಿದಳು, ಬಡಗಿಯ ಮುಖ ನೋಡಿದಳು. "ನನ್ನ ಬುದ್ಧಿಗಿಷ್ಟು ಮಂಕು ಬಡಿಯಾ!" ಎಂದವಳೇ ಸೆರಗು ಸಿಕ್ಕಿಸಿ ಓಡಿದಳು, ಬಡಗಿಗಿಂತ ಮುಂದೆ.

ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. ಮುದುಕಿ ಇನ್ನೊಂದು ಆಟ ಮುಗಿಸಿ ಬಂದಿದ್ದರೆ ಕೂಸು ಉಳಿಯುತ್ತಿರಲಿಲ್ಲ. ಮುದುಕಿ ಬಿಡಿಸಿದಳು, ಬೆನ್ನು ತಟ್ಟಿದಳು, ಕೂಸು ಅತ್ತಿತು. ತಾಯಿಯೂ ಉಳಿದಳು. ಬಡಗಿ ಮುದುಕಿಯ ಕಾಲಿಗೆ ಬಿದ್ದ. ಅವಳು ಹಿಂದೆ ಸರಿದು, "ನನಗ್ಯಾಕಪ್ಪಾ? ಅಲ್ಲಿ ಕಟ್ಟೆ ಇತ್ತಲ್ಲ, ಅದಕ್ಕೆ ಕೈಮುಗಿ," ಎಂದಳು. ಕಟ್ಟೆ ಮೊದಲು ಎಂದು ಕಲಿಸಿದ ಮುದುಕ ಎಂದೋ ತೀರಿಕೊಂಡಿದ್ದ. ಅವನನ್ನು ನೆನೆದು ಬಡಗಿ ಹೊಸಿಲ ಮೇಲೆ ಕೂತು ಅತ್ತ. ವ್ಯಾಪಾರಿಯೂ ಕೆಟ್ಟವನಲ್ಲ. ಮರುದಿನ ಬೆಲ್ಲ, ಕೊಬ್ಬರಿ ಹಿಡಿದು ಬಾಣಂತಿಯನ್ನು ನೋಡಲು ಬಂದ. ಕಂಕುಳಲ್ಲಿ ಹಲಗೆ ಇತ್ತು. ಅದನ್ನು ತೊಟ್ಟಿಲ ಪಕ್ಕಕ್ಕಿಟ್ಟು ಹೋದ.

ಗುರುಗಳು ಕತೆ ನಿಲ್ಲಿಸಿದರು.

"ಮುಂದೆ ಆ ಕೂಸು ಏನಾಯಿತು, ಅಜ್ಜಾರೇ?"

ಗುರುಗಳು ಹಲಗೆಯ ಮೇಲಿಟ್ಟಿದ್ದ ಕೈಯನ್ನು ತೆಗೆದರು. ನಡುಮನೆಯಲ್ಲಿ ಅಡ್ಡಗೀರು ಇತ್ತು, ಅದರ ಅಂಚಿನಲ್ಲಿ ಇನ್ನೂ ಒಂದಿಷ್ಟು ಅರಗು ಅಂಟಿಕೊಂಡಿತ್ತು.

"ಆ ಕೂಸು ದಿನಾ ಈ ಕಟ್ಟೆಗೆ ಕೈಮುಗಿಯುತ್ತದೆ. ಈಗ ನಿನ್ನ ಮುಂದೆ ಕೂತಿದೆ," ಎಂದರು.

ತಿಪ್ಪೇಶ ಬಗ್ಗಿ ಆ ಕಟ್ಟೆಯನ್ನು ಮುಟ್ಟಿ ಎದ್ದ.